ಅಳತೆಗೆ ಸೇರದ ಸುತ್ತು

ಮೊನ್ನೆ ಇಲ್ಲೇ ನಂಜನಗೂಡಿನಲ್ಲಿ ಮೊಮ್ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸಲು ಹೋಗಿದ್ದೆ. ಅಂಗಡಿಯವನು ಸಲೂಷನ್ ಟ್ಯೂಬಿನ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತರ ದಶಕದ ನಂಜನಗೂಡು–ತಿ. ನರಸೀಪುರ ರಸ್ತೆ ಕಣ್ಣಮುಂದೆ ಬಂದು ನಿಂತಿತು. ವಯಸ್ಸಾದವರ ಮೂಗು ಹೀಗೆಯೇ, ಹೇಳದೆ ಕೇಳದೆ ಎಲ್ಲೆಲ್ಲಿಗೋ ಕರೆದೊಯ್ಯುತ್ತದೆ. ನೀವೂ ಜೊತೆಗೆ ಬನ್ನಿ, ಓಡಿಸುವುದಿಲ್ಲ.

ಓಡಿಸುವುದೇ ಆಗ ನನ್ನ ಕಸುಬು. ನಂಜನಗೂಡಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಸೀಟಿ ಊದುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಓಡುವ ಮಾತು ಬೇಡ. ನಿಜವಾದ ಓಟಗಾರನೆಂದರೆ ಕಳಲೆಯ ಸಿದ್ದರಾಜು. ಹೊಲಕ್ಕೆ ಹೋಗುವ ಮುಂಚೆ ಓಡುತ್ತಿದ್ದ, ಹೊಲದಿಂದ ಬಂದ ಮೇಲೂ ಓಡುತ್ತಿದ್ದ. ನಾವು ವರ್ಷಕ್ಕೊಮ್ಮೆ ನಂಜನಗೂಡಿನಿಂದ ನರಸೀಪುರದವರೆಗೆ ನಡೆಸುತ್ತಿದ್ದ ರಸ್ತೆ ಓಟದಲ್ಲಿ ಅವನೇ ಮೊದಲು. ರಾಜ್ಯ ತಂಡದ ಬನಿಯನ್ ತೊಟ್ಟು ಒಮ್ಮೆ ಹೊರಗೆ ಓಡಬೇಕು ಎಂಬುದೊಂದೇ ಅವನ ಆಸೆ. ಅವನು ಓಡಿದ ವೇಳೆಯನ್ನು ಬರೆದು ಕಳಿಸಿದರೆ ಆಯ್ಕೆಯವರು ಒಪ್ಪಲಿಲ್ಲ. ಮೈಲಿಗಲ್ಲು ನಂಬಿ ಓಡಿದ ಓಟಕ್ಕೆ ಬೆಲೆಯಿಲ್ಲ, ರಸ್ತೆಯನ್ನು ಕ್ರಮವಾಗಿ ಅಳೆಸಿ ಪ್ರಮಾಣಪತ್ರ ಪಡೆಯಿರಿ, ಆಮೇಲೆ ಓಡಿಸಿ ಎಂದರು. ಸಿದ್ದರಾಜುವಿಗೆ ವಯಸ್ಸು ಮೀರುತ್ತಿತ್ತು. ಆ ವರ್ಷ ತಪ್ಪಿದರೆ ಮುಗಿಯಿತೆಂದು ಇಬ್ಬರಿಗೂ ಗೊತ್ತಿತ್ತು.

ಅಳೆಯುವವರೊಬ್ಬರು ಬೆಂಗಳೂರಿನಿಂದ ಬಂದರು. ತಲೆ ನರೆತ, ಮಿತಭಾಷಿ ಮನುಷ್ಯ. ಅವರ ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತು ಎಣಿಸುವ ಪುಟ್ಟ ಯಂತ್ರ ಕಟ್ಟಿತ್ತು. ಮೊದಲು ಉಕ್ಕಿನ ಟೇಪು ಹಿಡಿದು ನೆಟ್ಟಗಿನ ರಸ್ತೆಯ ಒಂದು ತುಂಡನ್ನು ಅಳೆದು, ಅದರ ಮೇಲೆ ಸೈಕಲ್ ಓಡಿಸಿ ಚಕ್ರದ ಲೆಕ್ಕ ಹಿಡಿದರು. ಬಿಸಿಲೇರಿದರೆ ಟಯರು ಉಬ್ಬುತ್ತದಂತೆ. ಅದಕ್ಕೇ ಸಂಜೆ ಮತ್ತೊಮ್ಮೆ ಅದೇ ಕೆಲಸ. ನಡುವೆ ಜಾಲಿಮುಳ್ಳು ಚುಚ್ಚಿ ಪಂಕ್ಚರ್ ಆಯಿತು, ಬೆಳಗಿನ ಲೆಕ್ಕವೆಲ್ಲ ಕೆಟ್ಟಿತು. ಅವರು ರಸ್ತೆ ಬದಿಯಲ್ಲಿ ಕೂತು ಸಲೂಷನ್ ಹಚ್ಚಿ, ಮೊದಲಿನಿಂದ ಶುರು ಮಾಡಲು ನಂಜನಗೂಡಿಗೆ ತಿರುಗಿದರು. ಒಂದು ಸಲವೂ ಗೊಣಗಲಿಲ್ಲ. ಗೊಣಗುವ ಕೆಲಸ ನಾನು ವಹಿಸಿಕೊಂಡಿದ್ದೆ.

ನಡುದಾರಿಯ ಹಳ್ಳಿಯೊಂದರಲ್ಲಿ ರಸ್ತೆ ಮಾರಮ್ಮನ ಕಟ್ಟೆಯ ಎರಡೂ ಬದಿಗೆ ಕವಲಾಗಿ ಮತ್ತೆ ಕೂಡುತ್ತಿತ್ತು. ಬಲಗಡೆಯದು ನೇರ ಹಾದಿ, ಎಡಗಡೆಯದು ಬಳಸು. ಅಳೆಯುವವರು ಬಲಕ್ಕೆ ತಿರುಗಿದರು. ನನ್ನೊಡನೆ ಹಿಂದೆ ಬರುತ್ತಿದ್ದ ಸಿದ್ದರಾಜು ತನ್ನ ಸೈಕಲ್ಲಿನಿಂದ ಇಳಿದುಬಿಟ್ಟ.

"ಸಾ, ನಾವು ಅಂಗೋಗಲ್ಲ. ಅಮ್ಮನ್ನ ಬಲಕ್ಕಾಕಂಡು ಈ ಕಡೆಯಿಂದ ಓಗದು."

"ಎಷ್ಟು ಕಡಿಮೆ ಓಡೋಕೆ ಸಾಧ್ಯವೋ ಅಷ್ಟನ್ನೇ ಅಳೀಬೇಕಪ್ಪ," ಎಂದರು ಅವರು. "ಬೇಕಾದರೆ ನೇರದ ಹಾದಿಗೆ ಹಗ್ಗ ಕಟ್ಟಿ. ಎಲ್ಲರೂ ಬಳಸಿಯೇ ಹೋಗಲಿ. ಆಗ ಅದನ್ನೇ ಅಳೀತೀನಿ."

ಕಟ್ಟೆ ಗುಡಿಸುತ್ತಿದ್ದ ಮುದುಕಿ ಪೊರಕೆ ಕೆಳಗಿಟ್ಟಳು. "ಅಮ್ಮನ ಮುಂದ್ಕೆ ಅಗ್ಗ ಕಟ್ಟೀರಾ? ಅವಳೇನು ಕಟ್ಟಾಕೋ ಅಸನಾ?"

ಸುತ್ತ ನಿಂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಹಗ್ಗದ ಮಾತು ಅಲ್ಲಿಗೇ ನಿಂತಿತು. ನೇರದ ಹಾದಿಯೇ ಅಳತೆಗೆ ಸೇರಿತು. ಆವತ್ತು ಸಂಜೆ ಸಿದ್ದರಾಜುವಿಗೆ ಬುದ್ಧಿ ಹೇಳಿದೆ: "ಓಟದ ದಿನ ಒಂದೇ ಒಂದು ಸಲ ಬಲಗಡೆಯಿಂದ ಹೋಗಿಬಿಡೋ. ಅಮ್ಮ ಏನೂ ಅಂದ್ಕೊಳ್ಳಲ್ಲ." ಅವನು "ಊಂ ಸಾ" ಅಂದ.

ಓಟದ ದಿನ ನರಸೀಪುರದ ಕೊನೆಗೆರೆಯಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ಸಿದ್ದರಾಜುವೇ ಮೊದಲು ಬಂದ. ಆದರೆ ಆಯ್ಕೆಯವರು ಗೊತ್ತುಮಾಡಿದ್ದ ವೇಳೆ ಅದಾಗಲೇ ಮೀರಿತ್ತು. ಮೀರಿದ್ದು ಒಂದು ಕಟ್ಟೆಯನ್ನು ಬಳಸಿ ಬರುವಷ್ಟು ಹೊತ್ತು ಮಾತ್ರ. ನನಗೆ ತಕ್ಷಣ ಅರ್ಥವಾಯಿತು. ಆದರೂ ಕೇಳಿದೆ.

"ಬಲಕ್ಕೆ ತಿರುಗಾನ ಅಂತ್ಲೇ ಇದ್ದೆ ಸಾ," ಎಂದ ಏದುಸಿರಿನಲ್ಲಿ. "ಕಾಲು ಓಗ್ನಿಲ್ಲ."

ನನಗೆ ಕೆಟ್ಟ ಸಿಟ್ಟು ಬಂತು. ಅವನ ಮೇಲೆ, ಮುದುಕಿಯ ಮೇಲೆ, ಸುಳ್ಳೇಕೆ, ಅಮ್ಮನ ಮೇಲೂ. ಎಷ್ಟೋ ದಿನ ಅವನೊಡನೆ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ರಸ್ತೆ ಅಳತೆಯ ಪ್ರಮಾಣಪತ್ರದ ಒಂದು ಪ್ರತಿಯನ್ನು ತೋರಿಸುವ ನೆಪ ಮಾಡಿಕೊಂಡು ಕಳಲೆಗೆ ಹೋದೆ. ಅವನು ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡ. ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಅಮ್ಮನ ಸುತ್ತು ಇದ್ರಲ್ಲಿ ಸೇರೈತಾ ಸಾ?"

"ಇಲ್ಲ ಕಣೋ."

"ಅಂಗಾರೆ ಅಷ್ಟು ನಂದೇಯ ಬುಡಿ," ಎಂದ. ಅವನ ಕಣ್ಣು ತುಂಬಿತ್ತು. ನಾನೂ ಅತ್ತೆ.

ಸಿದ್ದರಾಜು ಈಗಿಲ್ಲ. ಬನಿಯನ್ ತೊಡಲೇ ಇಲ್ಲ. ಆಮೇಲೆ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತು ಹೋಗುವಾಗಲೂ ಆ ಹಳ್ಳಿ ಬಂದರೆ ನಾನು ಕಿಟಕಿಗೆ ಬಗ್ಗಿ ಕಟ್ಟೆ ನೋಡುತ್ತಿದ್ದೆ.

ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬುತ್ತಿದ್ದಾಗ ಸ್ಕೂಟರಿನವನೊಬ್ಬ ನಿಲ್ಲಿಸಿ, "ನರಸೀಪುರಕ್ಕೆ ಎಷ್ಟು ದೂರ ಆಯ್ತದೆ ಸಾ?" ಎಂದು ಕೇಳಿದ. ಪ್ರಮಾಣಪತ್ರದ ಅಂಕಿ ನನಗಿನ್ನೂ ಬಾಯಿಪಾಠ. ಹೇಳಬೇಕೆಂದು ಬಾಯಿ ತೆರೆದವನು, ಅಮ್ಮನ ಸುತ್ತು ನೆನಪಾಗಿ, "ಯಾರಿಗಪ್ಪ?" ಎಂದುಬಿಟ್ಟೆ.