ನನ್ನ ರೇಸ್ ಗಾಡಿ ಹಾರಿಸಿದ ಎರಡು ಗುಂಡು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿದ್ದ ಕಾಲ. ಸೋಮವಾರಪೇಟೆಯಲ್ಲಿ ನಮ್ಮಪ್ಪನದು ಜವಳಿ ಅಂಗಡಿ. ನಾನು ಗಲ್ಲಾದ ಹಿಂದೆ ಕೂರಬೇಕೆಂಬುದು ಅವರ ಆಸೆ. ನನಗೋ ಬಟ್ಟೆ ಅಳೆಯುವುದೆಂದರೆ ನಿದ್ದೆ ಬರುತ್ತಿತ್ತು. ಬಸ್ ನಿಲ್ದಾಣದ ಪಕ್ಕದಲ್ಲಿ ಸೋದರಮಾವನ ಮೋಟಾರು ರಿಪೇರಿ ಅಂಗಡಿ ಇತ್ತು. ಬೆಳಗ್ಗೆ ತಿಂಡಿ ತಿಂದವನು ಅಲ್ಲಿಗೇ ಓಡುತ್ತಿದ್ದೆ.

ಮಾವನಿಗೆ ಗಾಡಿ ಓಡಿದರೆ ಸಾಕು. ನನಗೆ ಅದು ಚೆಂದವಾಗಿಯೂ ಕಾಣಬೇಕು. ಒಮ್ಮೆ ಮೈಸೂರಿನ ಕ್ಷೌರದಂಗಡಿಯೊಂದರ ಗೋಡೆಯಲ್ಲಿ ವಿದೇಶದ ರೇಸ್ ಮೋಟಾರ್ ಸೈಕಲ್ಲಿನ ಚಿತ್ರ ನೋಡಿದ್ದೆ. ಓಡಿಸುವವನು ಟ್ಯಾಂಕಿನ ಮೇಲೆ ಕವುಚಿ ಮಲಗಿದ್ದ. ಆ ಚಿತ್ರವನ್ನು ನೋಡುತ್ತಾ ಕೂತು ನನ್ನ ಸರದಿಯನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದೆ. ಇಂಥದ್ದೊಂದನ್ನು ನಾನೂ ಮಾಡಬಲ್ಲೆ ಎಂದು ಅವತ್ತೇ ಅನ್ನಿಸಿತ್ತು. ನನ್ನ ಕೈಗೆಲಸದ ಬಗ್ಗೆ ನನಗೆ ಅನುಮಾನ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಆ ಅವಕಾಶ ತಂದುಕೊಟ್ಟವನು ಚಿಣ್ಣಪ್ಪ. ಮೂರ್ನಾಡಿನಿಂದ ಸ್ವಲ್ಪ ಮುಂದೆ ಅವರದು ಕಾಫಿ ತೋಟ, ಗದ್ದೆ, ಮನೆಮಾತು ಅರೆಭಾಷೆ. ಮಿಲಿಟರಿಯವರು ಹರಾಜು ಹಾಕಿದ್ದ ಹಸಿರು ಬಣ್ಣದ ಮೋಟಾರ್ ಸೈಕಲ್ಲೊಂದನ್ನು ಕೊಂಡಿದ್ದ. ತಂಗಿಯ ಮದುವೆಗೆ ಮೊದಲು ಅದನ್ನು ರೇಸ್ ಗಾಡಿಯ ಹಾಗೆ ಮಾಡಿಕೊಡಬೇಕು ಎಂದು ನಮ್ಮ ಅಂಗಡಿಗೆ ತಂದ.

ನಾನು ಊಟ ತಿಂಡಿ ಮರೆತು ಕೆಲಸಕ್ಕೆ ಬಿದ್ದೆ. ಎರಡೂ ಮಡ್‌ಗಾರ್ಡ್ ಕೊಯ್ದು ಗೇಣುದ್ದ ಉಳಿಸಿದೆ. ಹ್ಯಾಂಡಲನ್ನು ಕಾಯಿಸಿ ಕೆಳಕ್ಕೆ ಬಗ್ಗಿಸಿದೆ. ಮಂಡಿ ಒತ್ತಿ ಕೂರುವುದಕ್ಕೆ ಟ್ಯಾಂಕಿನ ಎರಡೂ ಪಕ್ಕ ತಟ್ಟಿ ತಗ್ಗು ಮಾಡಿದೆ. ಹಿಂದಿನ ಸೀಟು, ಕ್ಯಾರಿಯರ್ ಎಲ್ಲ ತೆಗೆದು ಒಬ್ಬನೇ ಕೂರುವ ಸಪೂರ ಸೀಟು ಹೊಲಿಸಿದೆ. ಹೆಡ್‌ಲೈಟಿನ ಸುತ್ತ ಗಾಳಿ ಸೀಳುವ ಮೂತಿಯೊಂದು ಬೇಕಿತ್ತು. ಅಮ್ಮನ ಅಲ್ಯೂಮಿನಿಯಂ ದಬರಿ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ದಬರಿ ಎಲ್ಲಿ ಹೋಯಿತೆಂದು ಅಮ್ಮ ಅಕ್ಕಪಕ್ಕದ ಮನೆಗಳಲ್ಲೆಲ್ಲ ವಿಚಾರಿಸಿದಳು. ಕೊನೆಗೆ ಸೈಲೆನ್ಸರನ್ನು ಅರ್ಧಕ್ಕೆ ಕೊಯ್ದು, ಒಳಗಿನ ತಗಡು ಕಿತ್ತು ನೇರ ಕೊಳವೆ ಮಾಡಿದೆ. ಟ್ಯಾಂಕಿಗೆ ಕೆಂಪು ಬಣ್ಣ, ಮೇಲೊಂದು ಬಿಳಿ ಪಟ್ಟಿ.

ಮಾವ ಸುತ್ತು ಬಂದು ನೋಡಿ, "ಪುಕ್ಕ ಕಿತ್ತ ಕೋಳಿ ಆದಂಗಾಗದೆ ಕಣ್ಲಾ ಇದು" ಅಂದರು.

"ಇಂಥ ಗಾಡಿ ಇಡೀ ಕೊಡಗಲ್ಲಿ ಇಲ್ಲ ಮಾವ."

"ಹೆತ್ತೋರಿಗೆ ಹೆಗ್ಗಣ ಮುದ್ದು. ತಗೊಂಡ್ಹೋಗಿ ಕೊಟ್ಬಿಟ್ಟು ಬಾ, ಇಲ್ಲಿ ನಿಲ್ಲಿಸ್ಬೇಡ."

ಕೆಲಸ ನಡೆಯುತ್ತಿದ್ದಾಗ ಒಂದೆರಡು ಸಲ ಬಂದಿದ್ದ ಚಿಣ್ಣಪ್ಪ ಮನೆಯ ಸಂಗತಿ ಹೇಳಿಕೊಂಡಿದ್ದ. ಅವನ ಅಪ್ಪ ಬೆಳ್ಯಪ್ಪನವರಿಗೂ ದೊಡ್ಡಪ್ಪ ಸೋಮಯ್ಯನವರಿಗೂ ಮಾತಿರಲಿಲ್ಲ. ಗದ್ದೆಗೆ ನೀರು ತಿರುಗಿಸುವ ವಿಷಯಕ್ಕೆ ಹತ್ತಿದ ಜಗಳ, ಚಿಣ್ಣಪ್ಪ ಸ್ಕೂಲಿಗೆ ಹೋಗುತ್ತಿದ್ದಾಗಿನದು. ಎರಡು ಮನೆಗಳ ನಡುವೆ ಇರುವುದು ಒಂದು ಗದ್ದೆ ಬಯಲು ಮಾತ್ರ. ಈ ಅಂಗಳದಲ್ಲಿ ನಿಂತರೆ ಆ ಅಂಗಳದ ಕೋಳಿ ಕಾಣುತ್ತದೆ. ಮದುವೆಗೆ ದೊಡ್ಡಪ್ಪ ಬರದಿದ್ದರೆ ಹೇಗೆ ಎಂದು ಅವನ ಅವ್ವ ದಿನಾ ಕಣ್ಣೀರು ಹಾಕುತ್ತಿದ್ದರಂತೆ. ಅಪ್ಪನದು ಒಂದೇ ಮಾತು: "ನನ್ನ ಸಾವಿಗೇ ಬಾರದವನು ಮದುವೆಗೆ ಬರ್ತಾನಾ?" ಸಾಲದ್ದಕ್ಕೆ ಬೆಳ್ಯಪ್ಪನವರು ಆಗಷ್ಟೇ ಕೆಟ್ಟ ಜ್ವರದಿಂದ ಎದ್ದಿದ್ದರು. ಅವರು ಬದುಕುವುದು ಕಷ್ಟ ಎಂದು ಸುತ್ತಿನವರೆಲ್ಲ ಮಾತಾಡಿಕೊಂಡಿದ್ದರಂತೆ.

ಗಾಡಿ ಒಪ್ಪಿಸಲು ನಾನೊಬ್ಬನೇ ಹೊರಟೆ. ಇಬ್ಬರು ಕೂರುವ ಸೀಟನ್ನು ನಾನೇ ಕಿತ್ತು ಹಾಕಿದ್ದರಿಂದ ಚಿಣ್ಣಪ್ಪ ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಮನೆಯಲ್ಲಿ ಕಾಯುತ್ತಿದ್ದ. ಕಾಫಿ ಕೊಯ್ಲು ಮುಗಿಯುತ್ತಾ ಬಂದಿತ್ತು. ಮಡಿಕೇರಿ ದಾಟಿ ಮೂರ್ನಾಡಿನ ದಾರಿ ಹಿಡಿದಾಗ ರಸ್ತೆ ಬದಿಯಲ್ಲಿ ಹಣ್ಣು ಕೊಯ್ಯುತ್ತಿದ್ದವರು ಕುಕ್ಕೆ ಇಳಿಸಿ ನನ್ನನ್ನು ನೋಡಿದರು. ಮೂರ್ನಾಡಿನ ಅಂಗಡಿಗಳ ಮುಂದೆ ಬೇಕೆಂದೇ ನಿಧಾನ ಮಾಡಿದೆ. ಜಂಬ ಪಡುವುದಕ್ಕೂ ಒಂದು ವಯಸ್ಸಿದೆ, ನಾನು ಅದನ್ನು ವ್ಯರ್ಥ ಮಾಡಲಿಲ್ಲ.

ಅವರ ಮನೆಗೆ ತೋಟದ ಒಳಗಿನಿಂದ ಕಡಿದಾದ ಇಳಿಜಾರು. ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟೆ. ಸುಡದೆ ಉಳಿದ ಪೆಟ್ರೋಲು ಬಿಸಿ ಕೊಳವೆಯೊಳಗೆ ಹೊತ್ತಿಕೊಂಡು 'ಢಂ' ಎಂದಿತು. ನಾನು ಬೆಚ್ಚಿ ಆಕ್ಸಿಲರೇಟರನ್ನು ಒಮ್ಮೆ ತಿರುಗಿಸಿ ಮತ್ತೆ ಬಿಟ್ಟೆ. ಇನ್ನೊಂದು 'ಢಂ'. ಎದುರಿನ ಗುಡ್ಡದಿಂದ ಸದ್ದು ತಿರುಗಿ ಬಂತು. ಏನು ಗತ್ತಪ್ಪ ಇದರದ್ದು ಅಂದುಕೊಂಡು ಕಾಫಿ ಒಣಗಿಸುವ ಕಣದ ಪಕ್ಕ ಗಾಡಿ ನಿಲ್ಲಿಸಿದೆ.

ಚಿಣ್ಣಪ್ಪ ಓಡಿ ಬಂದ. ಗಾಡಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ, ಮುಖ ಬಿಳುಚಿಕೊಂಡಿತ್ತು.

"ಎಂಥ ಮಾಡಿದೆ ಮಾರಾಯ. ಎರಡು ಹೊಡೀತಲ್ಲ."

ಆಗ ನನಗೂ ಹೊಳೆಯಿತು. ಆ ಕಡೆಯ ಮನೆಗಳಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು ಎರಡು ಗುಂಡು. ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲಿಯೇ ಬಿಟ್ಟು ಬರಬೇಕು. ಜ್ವರದ ಮನುಷ್ಯನ ಮನೆಯಿಂದ ಎರಡು ಸದ್ದು ಹೋಗಿತ್ತು.

ಬೆಳ್ಯಪ್ಪನವರು ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕಾಫಿ ಕುಡಿಯುತ್ತಿದ್ದರು. "ಇನ್ನೊಂದು ಹೊಡೆಸಿದರೆ ಜನ ಬರುವುದು ನಿಲ್ಲುತ್ತದಾ?" ಎಂದು ಕೇಳಿದೆ.

"ಸತ್ತಿಲ್ಲ ಅಂತ ಹೇಳೋಕೆ ಗುಂಡಿಲ್ಲ ಮಾರಾಯ" ಅಂದರು ಅವರು.

ಮೊದಲು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಕೊಯ್ಲು ನಿಲ್ಲಿಸಿ ಬಂದರು, ಹಿಂದೆಯೇ ಲೈನುಮನೆಗಳ ಕೂಲಿ ಜನ. ಆಮೇಲೆ ಸುತ್ತಿನ ಮನೆಯವರು. ಅಂಗಳಕ್ಕೆ ಬಂದವರು ಸತ್ತವನೇ ಕಾಫಿ ಕುಡಿಯುವುದನ್ನು ಕಂಡು ಅಲ್ಲಲ್ಲೇ ನಿಂತರು. ಒಬ್ಬ ಅಜ್ಜಿಯಂತೂ ದಾರಿಯಿಂದಲೇ ಅಳು ಶುರು ಮಾಡಿದ್ದವರು, ಅರ್ಧದಲ್ಲಿ ನಿಲ್ಲಿಸಲಾಗದೆ ಸ್ವಲ್ಪ ಹೊತ್ತು ಅತ್ತರು.

ಅಷ್ಟರಲ್ಲಿ ಚಿಣ್ಣಪ್ಪನ ಅವ್ವ ಗದ್ದೆಯ ಕಡೆ ಕೈ ತೋರಿಸಿದರು. "ಅಲ್ಲಿ ನೋಡಿ. ಅದು ಬಾವ ಅಲ್ಲ?"

ಕೊಯ್ಲಾದ ಗದ್ದೆಯ ಕೂಳೆಗಳ ಮೇಲೆ ವಯಸ್ಸಾದವರೊಬ್ಬರು ಓಡಿ ಬರುತ್ತಿದ್ದರು. ಕಾಲಲ್ಲಿ ಚಪ್ಪಲಿ ಇಲ್ಲ, ಮೈಮೇಲೆ ಅಂಗಿ ಇಲ್ಲ. ಬದುವಿನ ಹತ್ತಿರ ಮುಗ್ಗರಿಸಿ ಬಿದ್ದರು. ಎದ್ದು ಮತ್ತೆ ಓಡಿದರು. ಬೆಳ್ಯಪ್ಪನವರು ಲೋಟ ಹಿಡಿದುಕೊಂಡು ಎದ್ದು ನಿಂತರು. ಹೆಂಡತಿ ಏನು ಯೋಚಿಸಿದರೋ, ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು.

ಸೋಮಯ್ಯನವರು ಬಂದವರೇ ಜನರನ್ನು ಸರಿಸಿಕೊಂಡು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಒಳಗೆ ಹೋಗಿ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಹಣೆ ಹಣೆ ಬಡಿದುಕೊಂಡು, "ತಮ್ಮಾ, ಒಂದ್ ಮಾತ್ ಆಡ್ದೆ ಹೋದ್ಯಲ್ಲಾ" ಎಂದು ಅತ್ತರು. ಅಷ್ಟು ವಯಸ್ಸಾದ ಗಂಡಸು ಹಾಗೆ ಬಾಯಿ ಬಿಟ್ಟು ಅಳುವುದನ್ನು ನಾನು ನೋಡಿರಲಿಲ್ಲ.

ಒಳಗಿನಿಂದ ಬೆಳ್ಯಪ್ಪನವರು ಬಂದು ಬಾಗಿಲಲ್ಲಿ ನಿಂತರು. "ಅಣ್ಣ, ನಾ ಸತ್ತಿಲ್ಲೆ."

ಸೋಮಯ್ಯನವರು ತಲೆ ಎತ್ತಿ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗಾರೆ ಗುಂಡು ಹೊಡ್ದದ್ ಯಾರ್?"

ಎಲ್ಲರೂ ನನ್ನ ಕಡೆ ತಿರುಗಿದರು. ತಪ್ಪಿಸಿಕೊಳ್ಳುವ ಜಾಯಮಾನ ನನ್ನದಲ್ಲ. "ನಾನೇ, ದೊಡ್ಡಪ್ಪ. ಗುಂಡಲ್ಲ, ನಾನು ಮಾಡಿದ ಗಾಡಿ" ಎಂದು ಮುಂದೆ ಬಂದೆ.

ಅವರು ಕಣ್ಣೊರೆಸಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ದಬರಿಯನ್ನು ಬೆರಳಲ್ಲಿ ಕುಟ್ಟಿ ನೋಡಿದರು. "ಇದಕ್ಕೆ ಮುಂದೆ ಅನ್ನದ ಪಾತ್ರೆ ಯಾಕೆ?"

"ಗಾಳಿ ಸೀಳೋಕೆ."

"ಹಿಂದೆ ಕೂರೋಕೆ ಜಾಗ ಎಲ್ಲಿ?"

"ರೇಸ್ ಗಾಡಿಗೆ ಇರಲ್ಲ."

"ಮತ್ತೆ ಮದುಮಗಳಿಗೆ ಇದರಲ್ಲಿ ಎಂಥ ಪ್ರಯೋಜನ?" ಅಂದು, ತಮ್ಮನ ಕಡೆ ತಿರುಗಿ, "ಮದುವೆ ಯಾವತ್ತು? ನಂಗೆ ಯಾರೂ ಹೇಳಿಲ್ಲೆ" ಅಂದರು.

ಚಿಣ್ಣಪ್ಪನ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆ ಮನೆಗೆ ಓಡಿದರು. ಊರಿನವರ ಮುಂದೆ ತಮ್ಮನಿಗಾಗಿ ಹಣೆ ಬಡಿದುಕೊಂಡು ಅತ್ತವರು ಮತ್ತೆ ಮಾತು ಬಿಡುವುದಾದರೂ ಹೇಗೆ? ಸಾವಿಗೆಂದು ಬಂದವರೆಲ್ಲ ಊಟ ಮಾಡಿಕೊಂಡೇ ಹೋದರು. ಹಂದಿ ಕರಿ, ಅಕ್ಕಿ ರೊಟ್ಟಿ ಆಯಿತು. ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ ಎಂದು ಯಾರೋ ಹೇಳಿದ್ದರಿಂದ ನನಗೊಬ್ಬನಿಗೆ ಬಾಳೆಕಾಯಿ ಪಲ್ಯ, ಮಜ್ಜಿಗೆ. ಅಣ್ಣತಮ್ಮಂದಿರು ಪಕ್ಕಪಕ್ಕ ಕೂತಿದ್ದರು. ತಮ್ಮನ ತಟ್ಟೆಗೆ ರೊಟ್ಟಿ ಹಾಕಿ ಎಂದು ಅಣ್ಣ ಎರಡು ಸಲ ಹೇಳಿದರು.

ಆ ದಿನದಿಂದ ನನಗೆ ಕೆಲಸಕ್ಕೆ ಬರವಿರಲಿಲ್ಲ. ದೂರದ ಹುದಿಕೇರಿಯಿಂದಲೂ ಹುಡುಗರು ಗಾಡಿ ತಂದರು. ಆದರೆ ನನ್ನ ಕೈಯಿಂದ ಹೋದ ಯಾವ ಗಾಡಿಯೂ ನನಗೆ ಅಷ್ಟು ನೆನಪಿಲ್ಲ. ನೆನಪಿರುವುದು ಸಂಜೆ ಬಸ್ಸಿಗೆ ಹೊರಟಾಗ ಬೆಳ್ಯಪ್ಪನವರು ಆಡಿದ ಮಾತು. ಗೇಟಿನ ತನಕ ಕೋಲೂರಿಕೊಂಡು ಬಂದವರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಜ್ವರದಲ್ಲಿ ಮಲಗಿದ್ದಾಗ ಸಾಯೋಕೆ ಹೆದರಿಕೆ ಇರಲಿಲ್ಲ ಮಾರಾಯ. ಅಣ್ಣ ಬರ್ತಾನೋ ಇಲ್ವೋ, ಅದೊಂದು ಗೊತ್ತಾಗದೆ ಹೋಗ್ತೇನಲ್ಲ ಅಂತ ಇತ್ತು. ಇವತ್ತು ನೋಡಿದೆ. ಓಡಿ ಬಂದ."

ಅಂಥ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಈಗ ನನಗೂ ವಯಸ್ಸಾಗಿದೆ. ನನ್ನ ಬಾಗಿಲಿಗೆ ಯಾರು ಓಡಿ ಬರುತ್ತಾರೆ ಎಂದು ಕೆಲವೊಮ್ಮೆ ಯೋಚನೆ ಬರುತ್ತದೆ. ಆ ಯೋಚನೆ ಬಂದಾಗಲೆಲ್ಲ ಎದ್ದು, ಮಾತು ಬಿಟ್ಟವರು ಯಾರಾದರೂ ಇದ್ದರೆ ನಾನೇ ಅವರ ಮನೆಗೆ ಹೋಗಿ ಬರುತ್ತೇನೆ.