ಕುತ್ತಿಗೆ ಬಗ್ಗದ ಸೋಮವಾರ

ಲಿಂಗವನ್ನು ನಂಬಿ ಮಕ್ಕಳನ್ನು ಸಾಕುತ್ತಿರುವ ಎಲ್ಲ ತಾಯಿ ತಂದೆಯರಿಗೆ ಬಸವನ ಬಾಗೇವಾಡಿಯ ನೀಲವ್ವನ ಶರಣಾರ್ಥಿ. ನನ್ನ ತಂಗಿಯ ಮಗಳು ದಾನೇಶ್ವರಿ ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ ಕೈಬಿಟ್ಟು ಹೋಗುವವಳಿದ್ದಳು. ಹೋಗಲಿಲ್ಲ. ಅದು ಹೇಗೆ ಎಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಾನು ರೊಟ್ಟಿ ಬಡಿದು ಮಾರುವವಳು. ಬಾಯಿ ಸ್ವಲ್ಪ ಜೋರು, ಓಣಿಯವರೆಲ್ಲ ಬಲ್ಲರು. ಮಸೂತಿ ಎಂಬ ಊರಿನಲ್ಲಿರುವ ತಂಗಿ ಮಹಾದೇವಿ ಮಗಳನ್ನು ಹೈಸ್ಕೂಲು ಓದಲೆಂದು ನನ್ನ ಹತ್ತಿರ ಬಿಟ್ಟಿದ್ದಾಳೆ. ಹದಿನಾಲ್ಕು ವರ್ಷದ ಹುಡುಗಿ, ನಾನೊಂದು ಅಂದರೆ ತಾನೆರಡು ಅನ್ನುವವಳು. ಹಡೆಯದಿದ್ದರೂ ನನಗೆ ಅವಳೇ ಮಗಳು.

ಕಳೆದ ಶ್ರಾವಣದಲ್ಲಿ ಒಂದು ಭಾನುವಾರ ಅವಳಿಗೆ ಜ್ವರ ಬಂತು, ಜೊತೆಗೆ ವಿಪರೀತ ತಲೆನೋವು. ನೆಗಡಿ ಜ್ವರವಿರಬೇಕೆಂದು ಅಂಗಡಿಯಿಂದ ಗುಳಿಗೆ ತಂದು ಕೊಟ್ಟೆ. ಎರಡು ಸಲ ವಾಂತಿ ಮಾಡಿಕೊಂಡಳು. ಕಂಡಕಂಡಲ್ಲಿ ಪಾನಿಪುರಿ ತಿಂದರೆ ಮತ್ತೇನಾಗುತ್ತದೆ ಎಂದು ಬೈದೆ. ಅವಳು ತಿರುಗಿ ಒಂದು ಮಾತೂ ಆಡಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಮರುದಿನ ಸೋಮವಾರ. ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರೂ ಚಹಾ ಸಹ ಕುಡಿಯುವುದಿಲ್ಲ, ಶ್ರಾವಣ ಸೋಮವಾರವಂತೂ ಕೇಳುವುದೇ ಬೇಡ. ದಾನು ಹಾಸಿಗೆ ಬಿಟ್ಟು ಏಳಲೊಲ್ಲಳು. ನಾನು ಬಿಡಲಿಲ್ಲ. ಮುಖ ತೊಳೆಸಿ, ವಿಭೂತಿ ಹಚ್ಚಿ, ಎಡ ಅಂಗೈ ಮೇಲೆ ಲಿಂಗ ಇರಿಸಿ ಕೂಡಿಸಿದೆ. ದೀಪ ಆಚೆ ಸರಿಸು, ಕಣ್ಣಿಗೆ ಚುಚ್ಚುತ್ತದೆ ಎಂದಳು. ಸರಿಸಿದೆ. ಆಮೇಲೆ ನೋಡಿದರೆ, ಅಂಗೈಯಲ್ಲಿನ ಲಿಂಗವನ್ನು ಬಿಟ್ಟು ಎದುರಿನ ಗೋಡೆ ನೋಡುತ್ತ ಕೂತಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು.

"ತಲಿ ಬಗ್ಗಸ. ದೇವರ ಮುಂದೂ ಇಷ್ಟ ಸೊಕ್ಕೇನ ನಿಂದು?" ಅಂದೆ.

"ಬಗ್ಗವಲ್ದು ದೊಡ್ಡವ್ವ," ಅಂದಳು.

ಬಗ್ಗಲು ಹೋದರೆ ಬೆನ್ನು ಸಮೇತ ಇಡೀ ಮೈ ಮುಂದಕ್ಕೆ ಬರುತ್ತಿತ್ತು, ಕುತ್ತಿಗೆ ಮಾತ್ರ ಹಲಗೆಯ ಹಾಗೆ ನಿಂತಿತ್ತು. ಕೊನೆಗೆ ಅಂಗೈಯನ್ನೇ ಮೇಲೆತ್ತಿ ಲಿಂಗವನ್ನು ಕಣ್ಣಿನ ಮಟ್ಟಕ್ಕೆ ತಂದುಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು. ಅಪ್ಪಾ, ಈ ಕೂಸಿನ ಕುತ್ತಿಗೆಯೊಂದು ಸರಿ ಮಾಡು, ನಿನ್ನನ್ನು ಬೇರೇನೂ ಕೇಳುವುದಿಲ್ಲ ಎಂದು ಅಲ್ಲೇ ಬೇಡಿಕೊಂಡೆ.

ಬೇಡಿಕೊಂಡೆ ನಿಜ, ಆದರೆ ನನಗೆ ಬುದ್ಧಿ ಬೇಡವೇ? ದಿಂಬು ಸರಿಯಾಗದೆ ಕುತ್ತಿಗೆ ಹಿಡಿದಿದೆ ಎಂದು ಬಾಜೂಮನೆಯಾಕೆ ಹೇಳಿದ್ದೇ ತಡ, ಕುತ್ತಿಗೆ ಎಳೆದು ತಿರುವಿ ಸರಿ ಮಾಡುವ ಹಿಂದಿನ ಓಣಿಯ ಮುದುಕನ ಮನೆಗೆ ಅವಳನ್ನು ಹೆಗಲಿಗೆ ಆನಿಸಿಕೊಂಡು ನಡೆಸಿದೆ. ಬಾಗಿಲಿಗೆ ಕೀಲಿ ಹಾಕಿತ್ತು. ಮುದ್ದೇಬಿಹಾಳದ ಮಗಳ ಮನೆಗೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದರು. ಒಂದೇ ಒಂದು ಬೇಡಿದರೆ ಅದನ್ನೂ ನಡೆಸಿಕೊಡಲಿಲ್ಲವಲ್ಲ ಎಂದು ಆ ಕೀಲಿಯ ಮುಂದೆ ನಿಂತು ದೇವರನ್ನೇ ಬೈದೆ. ಅಷ್ಟರಲ್ಲಿ ದಾನು ಮತ್ತೆ ವಾಂತಿ ಮಾಡಿಕೊಂಡು, ಬಸ್ ಬಂತೇನು ಎಂದು ಕೇಳಿದಳು. ಆ ಓಣಿಗೆ ಯಾವ ಬಸ್ಸೂ ಬರುವುದಿಲ್ಲ. ಸಿಕ್ಕ ಟಂಟಂ ಗಾಡಿ ನಿಲ್ಲಿಸಿ ಸರಕಾರಿ ಆಸ್ಪತ್ರೆಗೆ ಒಯ್ದೆ.

ಅಲ್ಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಗದ್ದವನ್ನು ಎದೆಗೆ ಮುಟ್ಟಿಸು ಎಂದಳು, ದಾನುಗೆ ಆಗಲಿಲ್ಲ. ನಾನು ಪೂಜೆಯ ಸಂಗತಿ, ದೀಪದ ಸಂಗತಿ, ಮುದುಕನ ಮನೆಯ ಸಂಗತಿ ಎಲ್ಲ ಹೇಳಿದೆ.

"ಯವ್ವಾ, ಇದು ಕುತ್ತಿಗಿ ಹಿಡದದ್ದಲ್ಲ. ಮಿದುಳಿನ ಪೊರಿಗೆ ಬಾವು ಬಂದಂಗ ಕಾಣತೈತಿ. ಕುತ್ತಿಗಿ ತಿರುವಿಸಿಕೊಂಡು ಮನಿಗೆ ಹೋಗಿ ಸಂಜೀತನಕ ಕಾದಿದ್ರ ಹುಡುಗಿ ಕೈಗೆ ಸಿಗತಿದ್ದಿಲ್ಲ," ಅಂದಳು.

ಆ ಕೀಲಿ ಹಾಕಿಸಿದವರು ಯಾರೆಂದು ನನಗೆ ಆಗ ತಿಳಿಯಿತು. ಡಾಕ್ಟರು ಕೂಡಲೇ ರಕ್ತ ತೆಗೆದು, ಅಲ್ಲಿಯೇ ಮೊದಲ ಇಂಜೆಕ್ಷನ್ ಕೊಟ್ಟು, ಅಂಬ್ಯುಲೆನ್ಸ್ ತರಿಸಿ ವಿಜಯಪುರಕ್ಕೆ ಕಳಿಸಿದಳು.

ತಂಗಿ ಮತ್ತು ಅವಳ ಗಂಡ ಬಸ್ಸು ಹಿಡಿದು ಸೀದಾ ವಿಜಯಪುರಕ್ಕೆ ಬಂದರು. ಯಾವ ರೋಗಾಣು ಎಂದು ತಿಳಿಯಲು ಬೆನ್ನಿನಿಂದ ನೀರು ತೆಗೆಯಬೇಕು ಎಂದರು ಅಲ್ಲಿನ ಡಾಕ್ಟರು. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತವೆ ಎಂದು ವಾರ್ಡಿನಲ್ಲಿ ಯಾರೋ ಅಂದರು. ಡಾಕ್ಟರು ಬೇಸರ ಮಾಡಿಕೊಳ್ಳದೆ, ಸೂಜಿ ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಹೋಗುತ್ತದೆ, ಕಾಲಿಗೆ ಏನೂ ಆಗುವುದಿಲ್ಲ ಎಂದು ತಿಳಿಸಿ ಹೇಳಿದರು. ಆದರೂ ತಂಗಿ ನನ್ನ ಮುಖ ನೋಡಿದಳು. ನಾನು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ತೆಗೆಯಲಿ ಎಂದೆ. ಅವಳು ಸಹಿ ಹಾಕಿದಳು.

ಮೊದಲ ಡಾಕ್ಟರ ಅನುಮಾನ ನಿಜವಾಗಿತ್ತು. ಎರಡು ದಿನ ದಾನು ನಮ್ಮನ್ನು ಗುರುತಿಸಲಿಲ್ಲ. ಆ ಎರಡು ದಿನ ನಾನು ಹೇಗೆ ಕಳೆದೆನೋ ಶಿವನೇ ಬಲ್ಲ. ಮೂರನೆಯ ಬೆಳಗ್ಗೆ ಕಣ್ಣು ಬಿಟ್ಟು, ಹಸಿವಾಗಿದೆ ಎಂದಳು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಎರಡು ವಾರ ಸಲಾಯಿನ್ ಮೂಲಕ ಔಷಧ ಕೊಟ್ಟರು. ಈ ರೋಗದಿಂದ ಕಿವಿ ಮಂದವಾಗಬಹುದಂತೆ, ಅದನ್ನೂ ಪರೀಕ್ಷೆ ಮಾಡಿದರು. ಸರಿಯಿದೆ.

ಕೈ ಮುಗಿದು ಕೇಳಿಕೊಳ್ಳುತ್ತೇನೆ. ಮಗುವಿಗೆ ಜ್ವರದ ಜೊತೆ ತಲೆನೋವು, ವಾಂತಿ ಇದ್ದು, ಬೆಳಕು ಬೇಡವೆಂದರೆ, ಏನೇನೋ ಬಡಬಡಿಸಿದರೆ, ಮಂಪರು ಕವಿದರೆ, ಮನೆಮದ್ದು ಮಾಡುತ್ತ ಕೂಡಬೇಡಿರಿ. ಕುತ್ತಿಗೆ ಬಿಗಿಯಲೆಂದೂ ಕಾಯಬೇಡಿರಿ, ಎಳೆಯ ಕೂಸುಗಳಿಗೆ ಅದು ಕಾಣಿಸದೆಯೂ ಇರಬಹುದಂತೆ. ದೇವರನ್ನು ದಾರಿಯಲ್ಲಿ ಬೇಡಿಕೊಳ್ಳಬಹುದು, ಮೊದಲು ಆಸ್ಪತ್ರೆಗೆ ಹೊರಡಿರಿ.

ಮನೆಗೆ ಕಳಿಸುವ ದಿನ ತಂಗಿ ಮಗಳ ಬಟ್ಟೆ ಮಡಚುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಜ್ವರದ ಕೂಸನ್ನು ಬೈದು ಎಬ್ಬಿಸಿ ಪೂಜೆಗೆ ಕೂಡಿಸಿದ ಪಾಪಿ ನಾನು, ನಿನಗೆ ಹೇಗೆ ಮುಖ ತೋರಿಸಲಿ ಎಂದು ಅತ್ತುಬಿಟ್ಟೆ.

"ಅಕ್ಕಾ, ಅಕಿ ನನ್ನ ಹಂತೇಕ, ನನ್ನ ಮನ್ಯಾಗ ಇದ್ದಿದ್ರ ನಾ ಮುದ್ದ ಮಾಡಿ, ಇವತ್ತ ಪೂಜಾ ಬ್ಯಾಡ, ಮಲ್ಕೋ ಅಂತಿದ್ದೆ," ಅಂದಳು. "ಮಲಗಿದಾಕಿ ಏಳತಿದ್ದಿಲ್ಲ."

ಚಿಕಿತ್ಸೆ ಮಾಡಿದ ಡಾಕ್ಟರರಿಗೆ ಎಷ್ಟು ಶರಣು ಅಂದರೂ ಸಾಲದು. ಆದರೆ ಆ ಮುಂಜಾನೆ ನನ್ನ ಬಾಯಿಂದ ಬೈಸಿದವನು ಆ ಲಿಂಗಯ್ಯನೇ. ಇದನ್ನು ನಾನು ಸಾಯುವತನಕ ನಂಬುತ್ತೇನೆ.