ಕ್ಲಚ್ಚಿಗೆ ಸಿಕ್ಕಿದ ಚೆಂಡುಹೂವು

ದಸರೆಯ ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಧಾರವಾಡದಿಂದ ಬರುವ ಅವ್ವನನ್ನು ಕರೆತರಲು ಸ್ವಾರಗೇಟ್ ಬಸ್ ಸ್ಟ್ಯಾಂಡಿಗೆ ಹೊರಟಿದ್ದ ನಮ್ಮ ಯಜಮಾನರು ಕೆಳಗಿನಿಂದ ಕೂಗಿದರು: “ಕ್ಲಚ್ ಹಿಡಿದ್ರೂ ಗಾಡಿ ಮುಂದ ಓಡತದ! ಪ್ಲೇಟ್ ಹೋಗ್ಯಾವ. ನಿಮ್ಮವ್ವಗ ರಿಕ್ಷಾ ಮಾಡ್ಕೊಂಡು ಬಾ ಅನ್ನು.”

ಅಳಿಯ ಬರಲಿಲ್ಲವೆಂದರೆ ಅವ್ವ ಹಬ್ಬವಿಡೀ ಮುಖ ಊದಿಸಿಕೊಂಡಿರುತ್ತಾಳೆ. ಕೈಯಲ್ಲಿ ಚಹಾ ಜರಡಿ ಹಿಡಿದೇ ಇಳಿದೆ. ನಿನ್ನೆ ಖಂಡೇನವಮಿಯ ಆಯುಧಪೂಜೆಗೆಂದು ಅವರೇ ಬೈಕಿನ ಹ್ಯಾಂಡಲಿಗೆ ಬಿಗಿದಿದ್ದ ಚೆಂಡುಹೂವಿನ ದಪ್ಪ ಹಾರ ಕ್ಲಚ್ ಲಿವರಿನ ಹಿಂದೆ ಸಿಕ್ಕಿಕೊಂಡಿತ್ತು. ಲಿವರು ಅರ್ಧಕ್ಕೇ ನಿಲ್ಲುತ್ತಿತ್ತು.

“ಪೂಜಾ ಜರಾ ಹೆಚ್ಚಾಗ್ಯದ್ರಿ,” ಎಂದು ಹಾರ ಬಿಚ್ಚಿದೆ. ಕ್ಲಚ್ ಹಿಡಿದರೆ ಗಾಡಿ ನಿಂತಲ್ಲೇ ನಿಂತಿತು. ಅವರು ಗೇರ್ ಹಾಕಿ ಹೊರಟರು.

ಸಂಜೆ ಬನ್ನಿ ಕೊಡಲು ಬಂದ ಪಕ್ಕದ ಮನೆಯ ಕಾಕೂ ಅಂದರು: “ನಿನ್ನ ಗಂಡಗ ಗಾಡಿ ರಿಪೇರಿ ಭಾಳ ಚಲೋ ಬರತದಂತಲ್ಲ? ನಿಮ್ಮವ್ವ ಮುಂಜಾನಿಂದ ಅದನ್ನ ಹೇಳಲಿಕ್ಕತ್ತಾರ!”